ಮೂರು ರೂಪಾಯಿ ಕಡಿಮೆ

ಹಾಂದಿಯಲ್ಲಿ ಹತ್ತಿದ ಲಾಜರಣ್ಣನ ಹತ್ತಿರ
ಟಿಕೆಟ್ಟಿಗೆ ಮೂರು ರೂಪಾಯಿ ಕಡಿಮೆ.
ನನ್ನ ಚಿಲ್ಲರೆಯಿಂದ ತುಂಬಿದೆ.
ಇಳಿಯುವಾಗ ಅವನು ಕಂಡಕ್ಟರ್ ಸೀಟಿನ ಮೇಲೆ
ಐದು ಬೆಣ್ಣೆಹಣ್ಣು ಇಟ್ಟು ಹೋದ.

ಹಣ್ಣು ಅಂತ ಹೆಸರಿಗೆ.
ಎಸೆದರೆ ನಾಯಿ ಕುಂಯ್ ಅಂದು ಓಡಬೇಕು, ಅಂಥ ಕಾಯಿ.
ಮರದಲ್ಲಿರುವಷ್ಟು ದಿನ ಹಟ ಬಿಡದ ಜಾತಿ ಇದು,
ಕಿತ್ತ ಮೇಲೇ ಮೆತ್ತಗಾಗೋದು.

ಉಪ್ಪಳ್ಳಿಯ ಮನೆಯಲ್ಲಿ ಆ ರಾತ್ರಿ
ಎಲ್ಲರೂ ಪಂಡಿತರೇ.
ಅತ್ತೆ ಒಂದನ್ನು ಅಕ್ಕಿ ಡಬ್ಬದಲ್ಲಿ ಹೂತು
ಮುಚ್ಚಳದ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟರು,
ಕೂಸು ಮಲಗಿತೋ ಇಲ್ಲವೋ ಅನ್ನುವ ಹಾಗೆ.
ಪಕ್ಕದ ಸಫೂರಾ ಗೋಡೆಯಾಚೆಯಿಂದಲೇ
"ಪೇಪರಲ್ಲಿ ಸುತ್ತು, ಜೊತೆಗೊಂದು ಬಾಳೆಹಣ್ಣಿಡು,
ಮಾಗಿದ್ದರ ಉಸಿರು ತಾಗಿದ್ರೆ
ಮಾಗದ್ದೂ ಮಾಗತ್ತೆ" ಅಂದಳು.
ಬಾಳೆಹಣ್ಣನ್ನೂ ಅವಳೇ ಕೊಟ್ಟಳು.
ಗಂಡ ಒಂದನ್ನು ಫ್ರಿಜ್ಜಿನ ನೆತ್ತಿಗೇರಿಸಿದ.
ಮಗಳು ರಾಗಿಹಿಟ್ಟಿಗೆ ಹಾಕಿದಳು, ಸುಮ್ಮನೆ,
ರಾಗಿಯ ಹೆಸರು ಯಾರೂ ಎತ್ತಲಿಲ್ಲವಲ್ಲ ಅಂತ.

ಆಮೇಲೆ ಶುರುವಾಯಿತು ಒತ್ತಿ ನೋಡುವುದು.
ಅತ್ತೆ, ಅಕ್ಕಿ ಅಳೆಯುವ ನೆಪದಲ್ಲಿ
(ಆ ವಾರ ಮುದ್ದೆಯೇ ಇಲ್ಲ, ಬರೀ ಅನ್ನ).
ಗಂಡ, ಹಲ್ಲುಜ್ಜುತ್ತಾ.
ಮಗಳು, ಶೂ ಬಿಚ್ಚುವ ಮೊದಲೇ.
ಮೂರನೇ ದಿನಕ್ಕೆ ಒಂದೂ ಹಣ್ಣಾಗಿರಲಿಲ್ಲ,
ಹೆಬ್ಬೆರಳ ಗುರುತು ಮಾತ್ರ ಕಪ್ಪಾಗಿ ಕೂತಿತ್ತು,
ರೇಷನ್ ಅಂಗಡಿಯ ಪುಸ್ತಕದಲ್ಲಿ ಕೂತ ಹಾಗೆ.

ಐದನೆಯದು ಎಲ್ಲಿ ಅಂತ
ಯಾರೂ ಕೇಳಲಿಲ್ಲ.
ನಾನೂ.

ಐದನೇ ದಿನ, ಸಂತೆಯ ಜನ,
ಆಲ್ದೂರು ದಾಟುವುದರೊಳಗೆ ಚಿಲ್ಲರೆ ಖಾಲಿ.
ನನ್ನದೇ ದುಡ್ಡಿಡುವ ಒಳಖಾನೆಗೆ ಕೈ ಹಾಕಿದೆ.
ಬೆರಳು ಇಳಿಯಿತು,
ಇಳಿಯುತ್ತಲೇ ಹೋಯಿತು.
ಚರ್ಮದ ಚೀಲದ ತಳದಲ್ಲಿ, ನನ್ನ ಸೊಂಟಕ್ಕೆ ಆತು,
ಮೂಡಿಗೆರೆಗೂ ಚಿಕ್ಕಮಗಳೂರಿಗೂ
ಎಷ್ಟು ಟ್ರಿಪ್ಪು ಹೊಡೆದಿತ್ತೋ,
ಯಾರೂ ಒತ್ತದೆ, ಯಾರೂ ಕಾಯದೆ
ಮಾಗಿ ಬಾಯಿಬಿಟ್ಟಿತ್ತು.
ಸಿಪ್ಪೆಯಲ್ಲಿ ಎರಡು ರೂಪಾಯಿಯ ನಾಣ್ಯವೊಂದು
ಸಿಂಹ ಮೇಲಾಗಿ ನಾಟಿಕೊಂಡಿತ್ತು.

"ಮೇಡಂ, ಚಿಲ್ಲರೆ?"
ತಡಿಯಪ್ಪ.
ಅತ್ತ ತಿರುಗಿ ಬೆರಳು ನೆಕ್ಕಿದೆ.
ಎಣ್ಣೆ, ಕಬ್ಬಿಣ, ಒಂಚೂರು ಹುಲ್ಲು.
ಸಕ್ಕರೆ ಬೇಕಿರಲಿಲ್ಲ.

ರಾತ್ರಿ ಡಿಪೋದಲ್ಲಿ ಕ್ಯಾಶಿಯರ್ ಜವರೇಗೌಡರು
ಹಸಿರು ಮೆತ್ತಿದ ನೋಟೊಂದನ್ನು ಮೂಸಿದರು,
ನನ್ನ ಮುಖ ನೋಡಿದರು,
ಕಟ್ಟಿನ ನಡುವೆ ತೂರಿಸಿದರು.
ಲೆಕ್ಕ ಸರಿಯಿತ್ತು.

ಮನೆಗೆ ಬಂದರೆ ಅತ್ತೆ
ಮೊಣಕೈವರೆಗೂ ಅಕ್ಕಿಯೊಳಗೆ.
ತಲೆಯೆತ್ತದೆ ಅಂದರು,
"ನಾಳೆ ನೋಡು."