ಎರಡನೆಯ ಚಿತ್ರ

ಹದಿನಾಲ್ಕು ವರ್ಷ ಅವಳ ಕೈಯ ರೊಟ್ಟಿ ತಿಂದವನು ನಾನು.
ಶಹಾಪುರ ಅಗಸಿಯ ಹೊರಗೆ, ಟಾಯರ್ ಅಂಗಡಿಯ ಬದಿಗೆ ಖಾನಾವಳಿ;
ಮಧ್ಯಾಹ್ನ ಒಂದೂವರೆಗೆ ಮೂಲೆಯ ಬಾಕು ನನ್ನದು.
ರೊಟ್ಟಿಯ ಅಂಚು ಹರಿಯತೊಡಗಿದ್ದನ್ನು
ಮೊದಲು ಕಂಡವನೂ ನಾನೇ ಇರಬೇಕು.
ಜೋಳ ಹಳೆಯದು, ಜಿಗಿ ಹೋಗಿದೆ ಅಂದುಕೊಂಡೆ,
ಜುಣಕ ಬಳಿದುಕೊಂಡು ತಿಂದು ಎದ್ದುಹೋದೆ.

ಈಗ ನಿಂಬೆಕ್ಕ ನನ್ನ ಯಂತ್ರದ ಮುಂದೆ.
ಮೂಗುಬಟ್ಟಿನ ತಿರುಪು ಅವಳ ಬೆರಳಿಗೆ ಸಿಗಲೊಲ್ಲದು,
ನರ್ಸು ಸಾಬೂನು ಹಚ್ಚಿ ಬಿಚ್ಚಿದಳು.
‘ಇಪ್ಪತ್ತು ನಿಮಿಷ ಅಲುಗಾಡಬ್ಯಾಡಕ್ಕ.’
‘ನಲವತ್ತು ವರ್ಷ ಕುತ್ತಿಗಿ ಬಗ್ಗಿಸಿ ಕುಂತಾಕಿ ನಾ,
ಇಪ್ಪತ್ತು ನಿಮಿಷ ಎಷ್ಟರದೋ ದಸ್ತಗೀರಾ.’

ಹೊರಬಂದು ಹೇಳಿದಳು:
‘ಒಳಗ ಯಾರೋ ರೊಟ್ಟಿ ಬಡ್ಯಾಕತ್ತಿದ್ರು.
ಹೊಸಬರು. ತಾಳ ಇಲ್ಲ.’

ಒಂದೇ ಕುತ್ತಿಗೆಯನ್ನು ಎರಡು ಬಗೆಯಲ್ಲಿ ತೆಗೆಯುತ್ತೇವೆ.
ಮೊದಲನೆಯದರಲ್ಲಿ ನೀರು ಬೆಳ್ಳಗೆ.
ಐದನೆಯ, ಆರನೆಯ ಎಲುಬುಗಳ ನಡುವೆ
ಹುರಿ ಅಮುಕಿ, ಸೊಂಟ ಹಿಡಿದಂತೆ ಸಣ್ಣಗಾಗಿ,
ಅಲ್ಲೊಂದು ಬಿಳಿ: ಹಂಚಿನ ಮೇಲೆ ಹಿಟ್ಟುದುರಿದಷ್ಟು.
ಬಿಳಿ ಒಂದೇ ಇದ್ದರೆ, ಅಂಚು ಮಸುಕಾಗಿದ್ದರೆ,
ಊತ ಇರಬಹುದು, ಇಳಿಯಬಹುದು.
ಅದೇ ಜಾಗ ಎರಡನೆಯದರಲ್ಲಿ ಕಪ್ಪಾಗಿ ಕಂಡರೆ
ಒಳಗೆ ಏನೋ ಸತ್ತಿದೆ.
ತಿಕೋಟಾದ ಗೌಂಡಿಯದು ಹಾಗಿತ್ತು, ಬಿಳಿಯೂ ಕಪ್ಪೂ ಚಾಕುವಿನಲ್ಲಿ ಕೊರೆದಂತೆ.
ಅವನ ಅಂಗಿಯ ಗುಂಡಿ ಇವತ್ತಿಗೂ ಹೆಂಡತಿಯೇ ಹಾಕುತ್ತಾಳೆ.

ಎರಡನೆಯ ಚಿತ್ರ ಪರದೆಗೆ ಬರುವ ಮುಂಚೆ
ನಾನು ಕುರ್ಚಿ ಬಿಟ್ಟೆದ್ದು ನೀರು ಕುಡಿದೆ.

ಕಪ್ಪು ಇತ್ತು.
ಇರಲಿಲ್ಲ ಅಂದರೂ ನಡೆಯುವಷ್ಟು ಇತ್ತು.

‘ಏನ್ ಕಂಡ್ತೋ?’
‘ಡಾಕ್ಟರ್ ಹೇಳ್ತಾರಕ್ಕ.’
ಉಂಡ ಮನೆಯ ಋಣ ಗಂಟಲಲ್ಲಿ ಒಣಗಿದ ರೊಟ್ಟಿ.

ಹಂಚಿನಾಳ ಡಾಕ್ಟರು ಗಡಿಯಾರ ಹಿಡಿದರು:
ಮುಷ್ಟಿ ಕಟ್ಟು, ಬಿಡು. ಹತ್ತು ಸೆಕೆಂಡು.
ಇಪ್ಪತ್ತು ಬರಬೇಕಾದಲ್ಲಿ ಒಂಬತ್ತು.
‘ಯಾವಾಗಿಂದ?’
‘ಹ್ವಾದ ವರ್ಷ ಸುಗ್ಗಿ ಜೋಳ ಬಂದಾಗಿಂದ.’
ಅವರು ಚಿತ್ರ ನೋಡಿದರು, ಅವಳನ್ನು ನೋಡಿದರು.
‘ನಡಿಗೆ ಸುಧಾರಿಸತೈತಿ. ಬೆರಳಿಗೆ ಮಾತು ಕೊಡೂದಿಲ್ಲ.
ತಡಾ ಮಾಡಿದ್ರ ಇದ್ದದ್ದೂ ಹೋಗತೈತಿ.’
‘ಕೊಡಬ್ಯಾಡ್ರಿ,’ ಅಂದಳು, ‘ಜಾಗಾ ಮಾಡಿಕೊಡ್ರಿ ಸಾಕು.’

ಹಿಂದಿನಿಂದ ಕೊಯ್ದು, ಎಲುಬಿನ ಚಾವಣಿ ಎತ್ತಿ,
ಜಾಗ ಮಾಡಿದರು.

ಮೂರು ತಿಂಗಳಿಗೆ ಕೋಲು ಬಿಟ್ಟಳು.
ಆರಕ್ಕೆ, ಹತ್ತು ಸೆಕೆಂಡಿಗೆ ಹದಿಮೂರು.
ಸೊಸೆ ಬಡಿಯುತ್ತಾಳೆ, ಇವಳು ಗೋಡೆಗೊರಗಿ ಕೇಳುತ್ತಾಳೆ;
ಕಣ್ಣು ಮುಚ್ಚಿಯೇ ಅನ್ನುತ್ತಾಳೆ:
‘ಎಡಕ್ಕ ದಪ್ಪಾತು, ತಿರುವು.’

ಹಿಂದಿನ ಸೋಮವಾರ ಸೊಸೆ ಊರಿಗೆ ಹೋಗಿದ್ದಳು.
ಪರಾತದ ಮುಂದೆ ನಿಂಬೆಕ್ಕ.
ಬೆರಳಲ್ಲ, ಅಂಗೈಯ ಬುಡದಿಂದ ಬಡಿಯುತ್ತಿದ್ದಳು.
ಎರಡು ಏಟು, ಒಂದು ಬಿಡುವು. ಎರಡು ಏಟು.
ಟಾಯರ್ ಅಂಗಡಿಯ ಹುಡುಗ ಸುತ್ತಿಗೆ ನಿಲ್ಲಿಸಿ ನೋಡುತ್ತಿದ್ದ.

ನನ್ನ ತಾಟಿಗೆ ಬಿದ್ದದ್ದು ದುಂಡಗಿರಲಿಲ್ಲ.
ಒಂದು ಮಗ್ಗುಲು ಹರಿದಿತ್ತು, ನಡುವೆ ದಪ್ಪ;
ಉಬ್ಬಿತ್ತು, ಅದೂ ಅರ್ಧ.
‘ಈಗ ಇದರ ರಿಪೋರ್ಟ್ ಬರಿ ನೋಡೂನು.’

ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ರೂಢಿ.
ತೆಳುವಾದ ಒಂದು ಕಡೆ ಬಿಸಿಲು ಬೆಳ್ಳಗೆ ತೂರಿ ಬಂತು.

‘ಏ, ಹಿಡೀಬ್ಯಾಡ. ತಿನ್ನು.
ಆರತೈತಿ.’