ಗುಟ್ಟಿನ ಚೀಲ

ಮಂಗಳವಾರ ಸಂಜೆ, ಚರ್ಚಿನ ಹಿಂದಿನ ಕೋಣೆ.
ಹಸಿರು ಚೀಲವೊಂದು ಕೈಯಿಂದ ಕೈಗೆ.
ಮುಚ್ಚಿದ ಮುಷ್ಟಿ ಒಳಗೆ, ಬಿಚ್ಚಿದ ಅಂಗೈ ಹೊರಗೆ.
ಯಾರು ಎಷ್ಟು ಹಾಕಿದರೆಂದು ಕೇಳಬಾರದು,
ಹಾಕಲಿಲ್ಲವೇಕೆ ಎಂದೂ.

ಚೌರಪ್ಪನವರು ಕನ್ನಡಕ ಮೂಗಿನ ತುದಿಗಿಳಿಸಿ
ಮನೆಭೇಟಿಯ ವರದಿ ಓದಿದರು:
ಹೆಸರು, ಕೆಂಪಾಜಮ್ಮ.
ಕಸುಬು, ಊದುಬತ್ತಿ ಹೊಸೆಯುವುದು.
ವಿಳಾಸ...
ಅಲ್ಲಿ ಸ್ವಲ್ಪ ಕೆಮ್ಮಿದರು.
ಅಶೋಕ ರಸ್ತೆ, ಪಾತ್ರೆ ಅಂಗಡಿ, ಮೂರನೇ ಮೆಟ್ಟಿಲು,
ರಾತ್ರಿ ಒಂಬತ್ತೂವರೆಗೆ ಷಟರ್ ಎಳೆದ ಮೇಲೆ.

ಮನೆಭೇಟಿ ಅಂತ ನಾವೇ ಕರೆದದ್ದು.
ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ
ನಿಂತೇ ಇದ್ದೆ ನಾನು ಅಂದು.
ಆಕೆಯೇ ಗೋಣಿ ಕೊಡವಿ ಹಾಸಿ,
"ಕುಂತ್ಕಳಿ, ಬಾಗ್ಲು ತೆಗ್ದೇ ಅದೆ" ಅಂದಳು.
ಕಂಬಳಿ ಕೊಟ್ಟೆವು, ಡಬ್ಬಿಯಲ್ಲಿ ಚಿತ್ರಾನ್ನ.
ಮಂಡಿ ಮೊಹಲ್ಲಾದ ಕೋಣೆಗೆ
ಇನ್ನೂ ಮುಂಗಡ ಕೂಡಿಲ್ಲ.

ಡಬ್ಬಿ ತೊಳೆದು ಹಿಂತಿರುಗಿಸಲು ಬಂದವಳು
ಅದೇ ಸಂಜೆ, ವರದಿ ಮುಗಿಯುವ ಹೊತ್ತಿಗೆ,
ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು.
ಚೀಲ ಅವಳ ಮುಂದೆಯೂ ಬಂತು.
ದಾಟಿಸಿಬಿಡೋಣವೆಂದು ಲೂರ್ದಮ್ಮ ಕೈ ಚಾಚಿದಳು,
ತಡವಾಗಿತ್ತು.
ಮುಚ್ಚಿದ ಮುಷ್ಟಿ ಒಳಗೆ,
ಬಿಚ್ಚಿದ ಅಂಗೈ ಹೊರಗೆ,
ಬೆರಳಿಗಂಟಿದ ಇದ್ದಿಲಪುಡಿ ಹಾಗೇ.

ಎಂಟುನೂರ ಹನ್ನೆರಡು ರೂಪಾಯಿ ಎಂದು ಬರೆದುಕೊಂಡೆ.
ಚೀಲ ತಿರುವಿ ಕೊಡವಿ, ಮಡಚಿ,
ತಗಡಿನ ಪೆಟ್ಟಿಗೆಯಲ್ಲಿಟ್ಟೆ.

ಮುಂದಿನ ಮಂಗಳವಾರ ಮುಚ್ಚಳ ತೆಗೆದರೆ
ಕೋಣೆಯ ತುಂಬ ಗಂಧ.
ಚೌರಪ್ಪನವರು ಒಮ್ಮೆ ತಲೆಯೆತ್ತಿದರು.
ಯಾರೂ ಕೇಳಲಿಲ್ಲ.