ಜೋಯಾಬಾಯಿಯ ಗೀಟು

ಟಿಳಕವಾಡಿ ರಿಂಕಿನ್ಯಾಗ ಬರ್ಫ ಇರಲಿಲ್ಲ.
ಸಿಮೆಂಟಿತ್ತು. ಮ್ಯಾಲ ಅಶೋಕದ ಎಲಿ,
ಒಂದೆರಡು ಬಿರುಕು, ಮುಂಜಾನಿ ಐದರ ಮಂಜು.

ಡಾಕ್ಟರ್ ಉಪಾಧ್ಯೆ ಲೆನಿನ್‌ಗ್ರಾಡಿಗೆ ಓದಾಕ ಹೋಗಿ
ಎರಡು ಡಿಗ್ರಿ, ಒಬ್ಬಾಕಿ ಹೆಂಡತಿ ಜೋಡಿ ಬಂದಿದ್ರು.
ಅಲ್ಲಿ ಆಕಿ ಹುಡುಗೂರಿಗೆ
ಬರ್ಫದ ಮ್ಯಾಲ ತಿರಗೂದು ಕಲಿಸ್ತಿದ್ಳಂತ.
ಇಲ್ಲಿ ಎರಡು ವರ್ಷ ಕಿಡಕ್ಯಾಗ ಕುಂತ್ಳು.
ಆಮ್ಯಾಲ ಒಂದಿನ ಗಾಲಿ ಕಟಗೊಂಡು ಬಂದ್ಳು.

ದಾಕ್ಷಾಯಣಿ ಅನ್ನೂದು ಆಕಿ ನಾಲಿಗಿಗೆ ಹತ್ತಲಿಲ್ಲ.
ದಾಶಾ, ಅಂದ್ಳು.
ವಡಗಾವಿ ನೇಕಾರ ಓಣ್ಯಾಗ ನಾನೊಬ್ಬಾಕಿನ ದಾಶಾ.

"ಅಂಚಿನ ಮ್ಯಾಲ ನಿಂದ್ರು.
ನಡುವ ನಿಂತವರು ನಿಂತ ಇರ್ತಾರ."
ಗಾಲಿಗೆ ಎಲ್ಲೀದು ಅಂಚು?
ಅಪ್ಪಗ ಕೇಳಿದೆ. ಅವ ಮಗ್ಗ ನಿಲ್ಲಿಸಲಿಲ್ಲ:
ಸೀರೀನ ಹಿಡದು ನಿಲ್ಲಸೂದು ದಡಿ ಅಲ್ಲೇನು, ಅಂದ.
ಮರುದಿನ ತಿರುಗಿದೆ.
ಬಾಯಿ ಹೊಗಳಲಿಲ್ಲ. ಗಡಿಯಾರ ನೋಡಿ
"ಯಶ್ಚೋ ರಾಸ್" ಅಂದ್ಳು.

ಇನ್ನೊಮ್ಮೆ ಅಂತ ಅದರರ್ಥ.
ಗೊತ್ತಾಗೂದರಾಗ ಸಾವಿರ ಸರ್ತಿ ಮಾಡಿದ್ದೆ.

ಒಂದು ಮೇ ತಿಂಗಳು, ಮಟಮಟ ಮಧ್ಯಾಹ್ನ,
ಕ್ಯಾಂಪಿನ ಮೀನ ಮಾರ್ಕೆಟ್ಟಿಂದ ಕೈಗಾಡಿ ಬಂತು:
ಗೋಣಿ, ಕಟಗಿ ಹೊಟ್ಟು, ಒಳಗ ಮೂರು ಫೂಟು ಬರ್ಫ.
"ಮೀನಿಂದು ಅಂತ ನಮ್ಮತ್ತಿಗೆ ಹೇಳಬ್ಯಾಡ್ರಿ."
ಟ್ರಂಕಿನಿಂದ ಹಳೇ ಬೂಟು ತಗದ್ಳು,
ತಳಕ್ಕ ಈಳಿಗಿಯಂಥ ಅಲಗು.
ಹಮಾಲ ಗೌಸಮೋದ್ದೀನನ ಹೆಗಲ ಹಿಡದು ಹತ್ತಿದ್ಳು,
ಬಿಟ್ಳು,
ಒಂದ ಕಾಲಮ್ಯಾಲ ಅರ್ಧ ತಿರುಗಿ ಇಳದ್ಳು.

ಕೂದಲೆಳಿಯಷ್ಟು ಗೀಟು. ಬಾಗಿದ್ದು.
"ನೋಡ್ರಿ. ಇದು ಅಂಚು."
ಹನ್ನೊಂದು ಮಂದಿ ಬಗ್ಗಿ ನೋಡಿದ್ವಿ,
ನೋಡತಿದ್ದಂಗ ನೀರು ತುಂಬಿ ಅಳಿಸಿತು.
ಉಳದದ್ದು ಒಡದು ಕೋಕಮ್ ಶರಬತ್ತಿಗೆ ಹಾಕ್ಕೊಂಡ್ವಿ.
ಬಾಯಿ ಕುಡೀಲಿಲ್ಲ.
ಅಲಗು ಒರಸಕೋತ ಕುಂತಿದ್ಳು, ಭಾಳ ಹೊತ್ತು.

ಆಕಿ ಹೋಗಿ ಎಂಟು ವರ್ಷ.
ಪೇಪರಿನ್ಯಾಗ ಮೂರು ಸಾಲು ಬಂತು, ಹೆಸರು ತಪ್ಪಿತ್ತು.
ಕಲಿತವರಾಗ ಪದಕ ತಂದವರು ಇಬ್ಬರು, ಅದೂ ರಾಜ್ಯದ್ದು.
ನಿಪ್ಪಾಣ್ಯಾಗ ಸುನಂದಾ ಕಲಸಾಕತ್ತಾಳ,
ಖಾನಾಪುರದಾಗ ಇನ್ನೊಬ್ಬ, ಇಲ್ಲಿ ನಾನು.

ನಿನ್ನಿ ಒಂದು ಹುಡುಗಿ ಬಿತ್ತು.
ಯಶ್ಚೋ ರಾಸ್, ಅಂದೆ.
ಮರಾಠಿ ಹುಡುಗೂರು ಅದನ್ನ ಕನ್ನಡ ಅನಕೊಂಡಾವ,
ನಮ್ಮವು ಮರಾಠಿ ಅನಕೊಂಡಾವ.
ನಾ ತಿದ್ದೂದಿಲ್ಲ.

ಮೊಣಕಾಲ ಝಾಡಿಸಿಕೊಂಡು ಎದ್ದಿತು,
ನನ್ನ ಕಡೆ ನೋಡಲೂ ಇಲ್ಲ,
ಬಾಗಿ ಹೋತು.